ಬಾಯ್ಕಾಟ್ ಸಾಹೇಬರ ಟರ್ನಿಪ್ಪು

ಸಿನಿಮಾದಿಂದ ಹಿಡಿದು ಚುನಾವಣೆವರೆಗೆ ‘ಬಾಯ್ಕಾಟ್’ ಎಂದು ಕೂಗುತ್ತೇವಲ್ಲ, ಅದು ಪಾಪ, ಒಬ್ಬ ಮನುಷ್ಯನ ಹೆಸರು! ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್, ಐರ್ಲೆಂಡಿನ ಮೇಯೋ ಸೀಮೆಯಲ್ಲಿ ಜಮೀನ್ದಾರರೊಬ್ಬರ ಏಜೆಂಟ್. 1880ರಲ್ಲಿ ಗೇಣಿ ಇಳಿಸಿ ಎಂದ ರೈತರಿಗೆ ಒಕ್ಕಲೆಬ್ಬಿಸುವ ನೋಟಿಸು ಕಳಿಸಿದರು. ರೈತರು ದೊಣ್ಣೆ ಎತ್ತಲಿಲ್ಲ, ಮಾತು ಬಿಟ್ಟರು. ಆಳುಗಳು ನಾಪತ್ತೆ, ಅಂಗಡಿಯವರು ಸಾಮಾನು ಕೊಡರು, ಅಂಚೆಯೂ ಬಾರದು. ಕೊನೆಗೆ ಉತ್ತರದಿಂದ 50 ಜನ ಬಂದು, ಸೈನಿಕರ ಕಾವಲಿನಲ್ಲಿ ಆಲೂಗಡ್ಡೆ, ಟರ್ನಿಪ್ಪು ಕಿತ್ತರು. ಬೆಳೆ ಸುಮಾರು 500 ಪೌಂಡಿನದು. ಖರ್ಚು ಸುಮಾರು 10,000! ಮೂಗಿಗಿಂತ ಮೂಗುತಿ ಭಾರ. ಅಷ್ಟರಲ್ಲಿ ಪತ್ರಿಕೆಗಳು ಅವರ ಹೆಸರನ್ನೇ ಕ್ರಿಯಾಪದ ಮಾಡಿದ್ದವು. ಅವರು ಮಾಡಿದ್ದಕ್ಕಲ್ಲ, ಅವರಿಗೆ ಮಾಡಿದ್ದಕ್ಕೆ ಈ ಗೌರವ! ವರ್ಷ ಮುಗಿಯುವ ಮೊದಲೇ ಸಾಹೇಬರು ಗಂಟುಮೂಟೆ ಕಟ್ಟಿ ಇಂಗ್ಲೆಂಡಿಗೆ ಹೊರಟರು.