ಅಗ್ಗದ ಸಾಫ್ಟ್‌ವೇರಿನ ಆಸಾಮಿ

ಟೈಮ್‌ಲ್ಯಾಪ್ಸ್ ಆಸಾಮಿ ಎಂಬ ತಳಿ ಈಗ ನಾಡಿನ ಎಲ್ಲ ಜಿಲ್ಲೆಗಳಲ್ಲೂ ಸಿಗುತ್ತದೆ. ಗದಗಿನ ಮಗ್ಗುಲಿನ ಕಳಸಾಪುರದ ಕಡೆ ಅದು ಹುಲುಸಾಗಿ ಬೆಳೆಯಲು ಕಾರಣವಿದೆ. ಎರೆಹೊಲ, ಅಡ್ಡಿಯಿಲ್ಲದ ಆಕಾಶ, ಆಚೆಗೆ ಕಪ್ಪತ್ತಗುಡ್ಡದ ಸಾಲು, ಅಲ್ಲಲ್ಲಿ ಗಾಳಿಯಂತ್ರ. ಮೋಡ ಓಡುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಮದುವೆ ಸೀಸನ್ನಿನಲ್ಲಿ ಈತ ಸ್ಟುಡಿಯೋದವರ ಹಿಂದೆ ಲೈಟು ಹಿಡಿಯುತ್ತಾನೆ; ಸೀಸನ್ ಮುಗಿಯಿತೆಂದರೆ ಕಲಾವಿದ.

ಈತನ ವಿದ್ಯೆಯ ಗಣಿತ ಸರಳ. 5 ಸೆಕೆಂಡಿಗೊಂದು ಫೋಟೊ ತೆಗೆದರೆ ತಾಸಿಗೆ 720 ಫೋಟೊ. ಸೆಕೆಂಡಿಗೆ 25ರಂತೆ ಓಡಿಸಿದರೆ 29 ಸೆಕೆಂಡು ತುಂಬುವುದಿಲ್ಲ. ಒಂದು ತಾಸು ಬಿಸಿಲಲ್ಲಿ ನಿಂತು ಅರ್ಧ ನಿಮಿಷವನ್ನೂ ಗಳಿಸದ ಈ ಕಸುಬಿಗೆ ದುಡ್ಡು ಹಾಕಲು ಮನೆಯವರು ಒಪ್ಪುವುದಿಲ್ಲ. ಹೀಗಾಗಿ ಸಾಫ್ಟ್‌ವೇರ್ ಪುಕ್ಕಟೆ ಇರಬೇಕು. ಹುಡುಕಾಟ ಶುರುವಾಗುವುದು ಇಲ್ಲಿಂದ. ಮುಗಿಯುವುದು ಎಲ್ಲಿ ಎಂದು ಆತನೂ ಹೇಳಲಾರ.

ಮೊದಲ ಹಂತ ಟ್ರಯಲ್ ಆವೃತ್ತಿಯದು. ಎರಡು ತಾಸು ಕಾದು ಎಕ್ಸ್‌ಪೋರ್ಟ್ ಮಾಡಿದ ಸೂರ್ಯೋದಯದ ನಟ್ಟನಡುವೆ, ಸರಿಯಾಗಿ ಸೂರ್ಯನ ಮೇಲೆಯೇ, ಕಂಪನಿಯ ಹೆಸರು ಮೂಡಿರುತ್ತದೆ. ಅಗಸಿ ಕಟ್ಟೆಯ ಮೇಲೆ ಅದನ್ನು ನೋಡಿದ ಹಿರಿಯರು, “ಏನ್ ತಮ್ಮಾ, ನಿನ್ ಬ್ಯಾನರ್ ಹೆಸರೇನ ಇದು? ಚೊಲೊ ಐತಿ” ಎನ್ನುತ್ತಾರೆ. ಎರಡನೆಯ ಹಂತ ಗೆಳೆಯನ ಪೆನ್‌ಡ್ರೈವಿನಲ್ಲಿ ಬಂದ ಕ್ರ್ಯಾಕ್. ಅದರಿಂದ ಸಾಫ್ಟ್‌ವೇರ್ ತೆರೆಯದಿದ್ದರೂ ಒಂದು ವೈರಸ್ ಮಾತ್ರ ತಪ್ಪದೆ ಬರುತ್ತದೆ, ಹಿಂದಿನ ಮದುವೆಯ ಆಲ್ಬಮ್ಮನ್ನೂ ತೆಗೆದುಕೊಂಡು ಹೋಗುತ್ತದೆ.

ಮೂರನೆಯ ಹಂತದಲ್ಲಿ ಈತ ವಿದ್ವಾಂಸ. ಡಾವಿಂಚಿ ರಿಸಾಲ್ವ್ ಎಂಬುದು ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯದು. ಪುಕ್ಕಟೆ ಆವೃತ್ತಿಯಲ್ಲೇ 3840 x 2160 ಅಳತೆಯ ವಿಡಿಯೋ ಹೊರಡುತ್ತದೆ, ಯಾವ ಮುದ್ರೆಯೂ ಬೀಳುವುದಿಲ್ಲ. ಕ್ರಮಸಂಖ್ಯೆ ತಪ್ಪದ ಫೋಟೊಗಳನ್ನು ಅದು ತಾನಾಗಿಯೇ ಒಂದು ಕ್ಲಿಪ್ಪಾಗಿ ಹಿಡಿಯುತ್ತದೆ. ಇಷ್ಟಿದ್ದರೂ ಈತನ 4 ಜಿಬಿ ಲ್ಯಾಪ್‌ಟಾಪಿನಲ್ಲಿ ಅದು ತೆರೆದುಕೊಳ್ಳುವುದರೊಳಗೆ ಚಾದಂಗಡಿಗೆ ಹೋಗಿ ಗಿರ್ಮಿಟ್ ತಿಂದು ಬರಬಹುದು. ಕಡಿಮೆ ಬಲದ ಯಂತ್ರಕ್ಕೆ ಕೆಡೆನ್‌ಲೈವ್, ಶಾಟ್‌ಕಟ್ ಇವೆ. ಎರಡೂ ಮುಕ್ತ ತಂತ್ರಾಂಶ, ಎರಡಕ್ಕೂ ಕಾಸಿಲ್ಲ. ಇವುಗಳಲ್ಲಿ ಯಾವುದು ಮೇಲು ಎಂದು ಈತ ತಿಂಗಳುಗಟ್ಟಲೆ ವಾದಿಸುತ್ತಾನೆ. ಎರಡರ ಹೊಟ್ಟೆಯೊಳಗೂ ಇರುವುದು ಎಂಎಲ್‌ಟಿ ಎಂಬ ಒಂದೇ ಎಂಜಿನ್ ಎಂಬುದನ್ನು ಈತನಿಗೆ ಹೇಳದಿರುವುದು ಒಳ್ಳೆಯದು. ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದಿದೆ: ಕರಿ ಪರದೆಯ ಮೇಲೆ ಒಂದು ಸಾಲು ಬರೆದರೆ ಸಾವಿರ ಫೋಟೊ ಸೇರಿ ವಿಡಿಯೋ ಆಗುತ್ತದೆ. ಅದರಲ್ಲಿ ಒತ್ತಲು ಗುಂಡಿಯೇ ಇಲ್ಲವೆಂದು ಈತ ಕೈಬಿಟ್ಟಿದ್ದಾನೆ. ಎಲ್‌ಆರ್‌ಟೈಮ್‌ಲ್ಯಾಪ್ಸ್ ಪುಕ್ಕಟೆಯಾಗಿ ಒಂದು ಸರಣಿಗೆ 400 ಫೋಟೊಗಳನ್ನಷ್ಟೇ ಒಪ್ಪುತ್ತದೆ, ಅಂದರೆ 16 ಸೆಕೆಂಡು. ಕಪ್ಪತ್ತಗುಡ್ಡದ ಸೂರ್ಯಾಸ್ತ 16 ಸೆಕೆಂಡಿನೊಳಗೆ ಕೂಡುವಂಥದ್ದಲ್ಲ ಎಂಬುದು ಈತನ ಸ್ವಾಭಿಮಾನದ ಮಾತು.

ಇನ್ನು ಗಾಳಿಯಂತ್ರದ ಪ್ರಸಂಗ. ಮಧ್ಯಾಹ್ನವಿಡೀ ಟ್ರೈಪಾಡ್ ಹಾರಿಹೋಗದಂತೆ ಅದಕ್ಕೆ ಕಲ್ಲಿನ ಚೀಲ ಕಟ್ಟಿ ತೆಗೆದ ವಿಡಿಯೋದಲ್ಲಿ ಮೋಡ ಓಡುತ್ತವೆ, ಜೋಳದ ಬೆಳೆ ತೂಗುತ್ತದೆ, ಯಂತ್ರ ಮಾತ್ರ ಗರ ಬಡಿದಂತೆ ನಿಂತಿರುತ್ತದೆ.

“ಅವತ್ತ ಫ್ಯಾನ್ ಬಂದ್ ಇತ್ತೇನಪಾ?”

“ತಿರಗತಿತ್ರೀ ಕಾಕಾ. ಸಾಫ್ಟ್‌ವೇರ್ ಬರೋಬರಿ ಇಲ್ಲ.”

ಸಾಫ್ಟ್‌ವೇರ್ ಬರೋಬರಿಯೇ ಇದೆ. ನಿಮಿಷಕ್ಕೆ 12 ಸುತ್ತು ಹಾಕುವ ಯಂತ್ರ 5 ಸೆಕೆಂಡಿನಲ್ಲಿ ಸರಿಯಾಗಿ ಒಂದು ಸುತ್ತು ಮುಗಿಸುತ್ತದೆ. 5 ಸೆಕೆಂಡಿಗೊಮ್ಮೆ ಫೋಟೊ ಹೊಡೆದರೆ ರೆಕ್ಕೆ ಪ್ರತಿ ಸಲವೂ ಇದ್ದಲ್ಲೇ ಸಿಗುತ್ತದೆ. ವೇಗ ಕೊಂಚ ಇಳಿದರೆ ಹಿಮ್ಮುಖವಾಗಿ ತಿರುಗಿದಂತೆಯೂ ಕಾಣುತ್ತದೆ. ಅಂತರವನ್ನು 5ರಿಂದ 4 ಸೆಕೆಂಡಿಗೆ ಇಳಿಸಿದರೂ ಚಲನೆ ಕಾಣತೊಡಗುತ್ತದೆ. ಈತ ಅದರ ಬದಲು ಇನ್ನೊಂದು ಸಾಫ್ಟ್‌ವೇರ್ ಇಳಿಸಿಕೊಳ್ಳುತ್ತಾನೆ.

ವಿಡಿಯೋ ಮಿಣಮಿಣ ಎನ್ನುವ ರೋಗದ ಕಥೆಯೂ ಇಷ್ಟೇ. ಕ್ಯಾಮೆರಾವನ್ನು ಆಟೋದಲ್ಲಿ ಬಿಟ್ಟರೆ ಒಂದೊಂದು ಮೋಡ ಬಂದಾಗಲೂ ಅದು ಬೆಳಕನ್ನೂ ಬಣ್ಣವನ್ನೂ ಹೊಸದಾಗಿ ಅಳೆಯುತ್ತದೆ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ಮ್ಯಾನ್ಯುಯಲ್‌ಗೆ ಹಾಕಿದರೆ ಹಗಲಿನ ಮುಕ್ಕಾಲು ರೋಗ ಹೊಲದಲ್ಲೇ ವಾಸಿಯಾಗುತ್ತದೆ. ಮುಸ್ಸಂಜೆ ಮಾತ್ರ ನಿಜಕ್ಕೂ ಕಷ್ಟ, ಬೆಳಕು ನಿಮಿಷನಿಮಿಷಕ್ಕೂ ಇಳಿಯುತ್ತದೆ. ಮಿಣುಕು ಕಳೆಯುವ ಸಾಧನ ರಿಸಾಲ್ವ್‌ನ ಪುಕ್ಕಟೆ ಆವೃತ್ತಿಯಲ್ಲಿಲ್ಲ, ಸ್ಟುಡಿಯೋ ಆವೃತ್ತಿಯಲ್ಲಿದೆ. ಅದಕ್ಕೆ 295 ಡಾಲರ್ ಎಂದು ಓದಿದ ದಿನ ಈತ ಊಟ ಬಿಟ್ಟಿದ್ದ.

ಈತನಿಗೊಬ್ಬ ಪೂರ್ವಿಕನಿದ್ದಾನೆ. ದಾದಾಸಾಹೇಬ್ ಫಾಲ್ಕೆ 1912ರಲ್ಲಿ ಲಂಡನ್ನಿನಿಂದ ಕ್ಯಾಮೆರಾ ತಂದರು. ಹಣ ಹಾಕುವವರನ್ನು ಒಪ್ಪಿಸಲು ಕುಂಡದಲ್ಲಿ ಬಟಾಣಿ ಕಾಳು ನೆಟ್ಟು, ಅದು ಮೊಳೆತು ಬೆಳೆಯುವುದನ್ನು ಒಂದೊಂದೇ ಫ್ರೇಮಿನಂತೆ ಹಿಡಿದರು. ಅದನ್ನು ತೋರಿಸಿ ದುಡ್ಡು ಎಬ್ಬಿಸಿದರು, 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಗೆ ಬಂತು. ಎಡಿಟಿಂಗ್ ಸಾಫ್ಟ್‌ವೇರ್ ಆಯ್ಕೆ ಮಾಡುವ ತೊಂದರೆ ಅವರಿಗಿರಲಿಲ್ಲ. ಇದ್ದಿದ್ದರೆ ಬಟಾಣಿ ಒಣಗಿ ಹೋಗುತ್ತಿತ್ತು.

ಕಳಸಾಪುರದ ಆಸಾಮಿಗಿರಲಿ, ಮುಂಡರಗಿಯ ಆಸಾಮಿಗಿರಲಿ ತೀರ್ಪು ಒಂದೇ: ಹಳೆಯ ಲ್ಯಾಪ್‌ಟಾಪಾದರೆ ಕೆಡೆನ್‌ಲೈವ್ ಅಥವಾ ಶಾಟ್‌ಕಟ್, ಕಣ್ಣುಮುಚ್ಚಿ ಯಾವುದಾದರೊಂದು, ಗಟ್ಟಿ ಯಂತ್ರವಿದ್ದರೆ ರಿಸಾಲ್ವ್‌ನ ಪುಕ್ಕಟೆ ಆವೃತ್ತಿ. ದುಡ್ಡು ಖರ್ಚು ಮಾಡಲೇಬೇಕೆಂದು ಕೈ ತುರಿಸಿದರೆ ಇನ್ನೊಂದು ಬ್ಯಾಟರಿ ಕೊಳ್ಳಬೇಕು.