ಕೊನೆಯ ಅರ್ಹ ವಲಸಿಗರು

ಅಮೆರಿಕದಲ್ಲಿ ಪ್ರತಿವರ್ಷ ಎಷ್ಟು ಮಂದಿ ವಿದೇಶಿಯರಿಗೆ, ಯಾವ ಯೋಗ್ಯತೆಯ ಮೇಲೆ ನೆಲೆ ಕೊಡಬೇಕು ಎಂಬ ಪ್ರಶ್ನೆಯನ್ನು ಆ ದೇಶದ ಶಾಸನಸಭೆಯಾದ ಕಾಂಗ್ರೆಸ್ಸು 1990ರ ಕಾಯ್ದೆಯ ನಂತರ ಸಮಗ್ರವಾಗಿ ಕೈಗೆತ್ತಿಕೊಂಡು ಮುಗಿಸಿಲ್ಲ. ಆದರೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ನ್ಯೂಜೆರ್ಸಿಯ ಎಡಿಸನ್, ಟೆಕ್ಸಾಸಿನ ಅರ್ವಿಂಗ್ ಮೊದಲಾದ ಊರುಗಳ ಕನ್ನಡಿಗರ ಮನೆಗಳಲ್ಲಿ, ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಿ ತಂದು ಕೂಡಿ ಉಣ್ಣುವ ‘ಪಾಟ್‌ಲಕ್’ ಎಂಬ ಶನಿವಾರದ ಊಟ ಮುಗಿದು ಮಜ್ಜಿಗೆಯ ಲೋಟ ಕೈಗೆ ಬರುವಷ್ಟರಲ್ಲಿ ಅದೇ ಪ್ರಶ್ನೆ ಸಂಪೂರ್ಣವಾಗಿ ಇತ್ಯರ್ಥವಾಗಿರುತ್ತದೆ. ಇತ್ಯರ್ಥಪಡಿಸುವವರು ಐವತ್ತು ದಾಟಿದ, ಮನೆಯ ಸಾಲ ಬಹುಪಾಲು ತೀರಿಸಿದ, ಪೌರತ್ವದ ಪ್ರಮಾಣವಚನ ಸ್ವೀಕರಿಸಿ ಬಹಳ ವರ್ಷವಾದ ಗೃಹಸ್ಥರು. ಅಮೆರಿಕಕ್ಕೆ ಒಂದು ಕಾಲದಲ್ಲಿ ವಲಸಿಗರು ನಿಜಕ್ಕೂ ಬೇಕಾಗಿದ್ದರು, ಆಗ ಯೋಗ್ಯರೇ ಬಂದರು, ಆ ಯೋಗ್ಯರ ಸಾಲು ತಮ್ಮಲ್ಲಿಗೆ ಮುಗಿಯಿತು ಎಂಬುದು ಅವರ ಸಿದ್ಧಾಂತದ ಸಾರವಾದ್ದರಿಂದ, ಅವರನ್ನು ‘ಕೊನೆಯ ಅರ್ಹರು’ ಎಂದು ಕರೆಯುವುದು ಉಚಿತ.

ಇವರು ಅಮೆರಿಕಕ್ಕೆ ಬಂದದ್ದು ಸಾಮಾನ್ಯವಾಗಿ 2000ನೆಯ ಇಸವಿಯ ಆಸುಪಾಸಿನಲ್ಲಿ. ಹಳೆಯ ಕಂಪ್ಯೂಟರ್ ಪ್ರೋಗ್ರಾಮುಗಳು ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟುಕೊಂಡಿದ್ದರಿಂದ 2000ವನ್ನು 1900 ಎಂದು ಭಾವಿಸಿ ಲೆಕ್ಕ ತಪ್ಪಬಹುದೆಂಬ ಭಯ, ಅಂದರೆ ವೈಟುಕೆ ಸಮಸ್ಯೆ, ಅಲ್ಲಿನ ಬ್ಯಾಂಕುಗಳನ್ನೂ ವಿಮಾ ಕಂಪನಿಗಳನ್ನೂ ಕಾಡುತ್ತಿದ್ದಾಗ, ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯನ್ನು ಕೆಲವೇ ವಾರಗಳ ಕೋರ್ಸಿನಲ್ಲಿ ಕಲಿತ ಸಿವಿಲ್ ಎಂಜಿನಿಯರುಗಳಿಗೂ ಬೇಡಿಕೆ ಬಂದಿತ್ತು. ಕೊನೆಯ ಅರ್ಹರು ಅಂಥ ಸಿವಿಲ್ ಎಂಜಿನಿಯರು. ಅವರನ್ನು ಕರೆತಂದದ್ದು ‘ಬಾಡಿ ಶಾಪ್’, ಅಂದರೆ ತಾನೇ ವೀಸಾ ಮಾಡಿಸಿ ಕರೆತಂದ ನೌಕರರನ್ನು ಬೇರೆ ಕಂಪನಿಗಳಿಗೆ ಗಂಟೆಯ ಲೆಕ್ಕದಲ್ಲಿ ಒದಗಿಸುವ ಮಧ್ಯವರ್ತಿ ಸಂಸ್ಥೆ. ಬಂದಮೇಲೆ ಎರಡು ಕೋಣೆಯ ಗೆಸ್ಟ್ ಹೌಸಿನಲ್ಲಿ ಹತ್ತಾರು ಜನರೊಡನೆ ಮಲಗಿ, ಪ್ರಾಜೆಕ್ಟ್ ಸಿಗದೆ ಕಾಯುವ ‘ಬೆಂಚ್’ ಎಂಬ ಸ್ಥಿತಿಯನ್ನೂ ಅನುಭವಿಸಿ, ಸರದಿಯ ಮೇಲೆ ಅನ್ನ-ಸಾರು ಮಾಡಿ ಅವರು ಮೇಲೆ ಬಂದರು ಎಂಬುದು ನಿಜ ಮತ್ತು ಗೌರವಕ್ಕೆ ಅರ್ಹವಾದದ್ದು. ಆದರೆ ಇಂದು ಅವರ ವಲಸೆ ನೀತಿಯ ಮೊದಲ ಕಲಮು ಬಾಡಿ ಶಾಪುಗಳನ್ನು ಮುಚ್ಚಿಸಬೇಕು ಎಂಬುದೇ ಆಗಿದೆ. ಕೋರ್ಸು ಮುಗಿಸಿ ಬರುವ ಅರೆಬೆಂದ ಹುಡುಗರಿಂದ ನಿಜವಾದ ಪ್ರತಿಭೆಗೆ ಅನ್ಯಾಯವಾಗುತ್ತಿದೆ ಎಂಬ ನೋವು ಅವರನ್ನು ಬಾಧಿಸುತ್ತಿರುತ್ತದೆ.

ಅವರು ಬಂದ ಎಚ್-1ಬಿ ವೀಸಾ, ವಿಶೇಷ ಪರಿಣತಿಯ ಕೆಲಸಕ್ಕೆಂದು ಕಂಪನಿಯೊಂದು ಅರ್ಜಿ ಹಾಕಿ ಪಡೆಯುವ ತಾತ್ಕಾಲಿಕ ಅನುಮತಿ. 1990ರ ಕಾಯ್ದೆ ಇದಕ್ಕೆ ವಾರ್ಷಿಕ 65,000ದ ಮಿತಿ ಹಾಕಿತ್ತು. ತಂತ್ರಜ್ಞಾನ ಕಂಪನಿಗಳ ಒತ್ತಾಯದಿಂದ ಅದು ಮೊದಲು 1,15,000ಕ್ಕೂ ಆಮೇಲೆ ಮೂರು ವರ್ಷಗಳ ಮಟ್ಟಿಗೆ 1,95,000ಕ್ಕೂ ಏರಿ, 2004ರಲ್ಲಿ ಮತ್ತೆ 65,000ಕ್ಕೆ ಇಳಿಯಿತು. ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗಾಗಿ 20,000 ಮಾತ್ರ ಮೇಲೆ ಸೇರಿತು. ಅರ್ಜಿಗಳು ಮಿತಿಯನ್ನು ಮೀರಿದಾಗ ಯಾರ ಅರ್ಜಿ ತೆರೆಯಬೇಕೆಂಬುದನ್ನು ಲಾಟರಿ ಎತ್ತಿ ತೀರ್ಮಾನಿಸುವ ಪದ್ಧತಿ ಬಂದದ್ದು ಇವರು ಒಳಗೆ ಬಂದು ನೆಲೆಸಿದ ಮೇಲೆ. ಲಾಟರಿಯಲ್ಲಿ ಎರಡು ಸಲ ಸೋತ ಯುವಕನೊಬ್ಬ ಮಜ್ಜಿಗೆಯ ಹೊತ್ತಿನಲ್ಲಿ “ಅಂಕಲ್, ನಿಮ್ಮ ಕಾಲದಲ್ಲೂ ಲಾಟರಿ ಇತ್ತಾ?” ಎಂದು ಕೇಳಿದರೆ, “ನಮ್ಮ ಕಾಲದಲ್ಲಿ ಲಾಟರಿ ಎಲ್ಲಿತ್ತಪ್ಪ, ಮೆರಿಟ್ ಇತ್ತು” ಎಂಬ ಉತ್ತರ ಬರುತ್ತದೆ. ಆ ಮೆರಿಟ್ಟಿನ ಪ್ರಮಾಣ ಕಾಂಗ್ರೆಸ್ಸು ಮಿತಿಯನ್ನು ಏರಿಸಿದಂತೆಲ್ಲ ಏರಿ, ಇಳಿಸಿದ ವರ್ಷವೇ ಇಳಿದದ್ದು ಹೇಗೆ ಎಂಬ ಪ್ರಶ್ನೆಯನ್ನು ಯುವಕ ವಿನಯದಿಂದ ನುಂಗಿಕೊಳ್ಳುತ್ತಾನೆ.

ಕೊನೆಯ ಅರ್ಹರ ಅಭಿಪ್ರಾಯಗಳು ಬದಲಾಗುವುದಿಲ್ಲ ಎಂಬ ಆರೋಪವನ್ನು ಯಾರೂ ಹೊರಿಸಲಾರರು. ಶಾಶ್ವತ ವಾಸದ ಹಕ್ಕಾದ ಗ್ರೀನ್ ಕಾರ್ಡುಗಳನ್ನು ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000ದಂತೆ, ಅದೂ ಹೆಂಡತಿ ಮಕ್ಕಳನ್ನು ಸೇರಿಸಿ ಎಣಿಸಿ ಕೊಡಲಾಗುತ್ತದೆ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಒಟ್ಟು ಪಾಲಿನ ಶೇಕಡ 7ಕ್ಕಿಂತ ಹೆಚ್ಚು ಸಲ್ಲದೆಂಬ ನಿಯಮದಿಂದ ಭಾರತಕ್ಕೂ ಐಸ್‌ಲ್ಯಾಂಡಿಗೂ ಒಂದೇ ಮಿತಿ. ಅರ್ಜಿ ಹಾಕಿದ ದಿನವೇ ಸರದಿಯ ದಿನ, ಅಂದರೆ ‘ಪ್ರಯಾರಿಟಿ ಡೇಟ್’. ಯಾವ ದಿನದವರೆಗಿನ ಅರ್ಜಿಗಳ ಸರದಿ ಬಂದಿದೆ ಎಂಬುದನ್ನು ವಿದೇಶಾಂಗ ಇಲಾಖೆ ಪ್ರತಿ ತಿಂಗಳು ‘ವೀಸಾ ಬುಲೆಟಿನ್’ನಲ್ಲಿ ಪ್ರಕಟಿಸುತ್ತದೆ, ಮತ್ತು ಆ ದಿನಾಂಕ ಕೆಲವೊಮ್ಮೆ ಮುಂದಕ್ಕೆ ಹೋಗುವ ಬದಲು ಹಿಂದಕ್ಕೂ ಸರಿಯುತ್ತದೆ. ತಾವು ಕಾಯುತ್ತಿದ್ದಾಗ ಏಕಾದಶಿಯನ್ನು ಮರೆತರೂ ಬುಲೆಟಿನ್ನನ್ನು ಮರೆಯದಿದ್ದ ಕೊನೆಯ ಅರ್ಹರು, ಶೇಕಡ 7ರ ಮಿತಿ ಜನಾಂಗದ್ವೇಷವೆಂದು ಸೆನೆಟರಿಗೆ ಪತ್ರ ಬರೆದಿದ್ದರು. ಅದನ್ನು ತೆಗೆದುಹಾಕುವ ಮಸೂದೆಯನ್ನು 2019ರಲ್ಲಿ ಕಾಂಗ್ರೆಸ್ಸಿನ ಕೆಳಮನೆ 365–65 ಮತಗಳಿಂದ ಅಂಗೀಕರಿಸುವ ಹೊತ್ತಿಗೆ, ಕಾರ್ಡನ್ನೂ ಪೌರತ್ವವನ್ನೂ ಪಡೆದಾಗಿದ್ದ ಅವರಿಗೆ ಅದೇ ಮಿತಿಯಲ್ಲಿ ವೈವಿಧ್ಯವನ್ನು ಕಾಪಾಡುವ ದೂರದೃಷ್ಟಿ ಕಾಣತೊಡಗಿತ್ತು; ಎಲ್ಲರೂ ನಮ್ಮವರೇ ಬಂದರೆ ಅಮೆರಿಕ ಅಮೆರಿಕವಾಗಿ ಉಳಿದೀತೆ ಎಂದು ಅವರು ಇಡ್ಲಿಗೆ ಚಟ್ನಿ ಬಡಿಸಿಕೊಳ್ಳುತ್ತ ಕೇಳುತ್ತಿದ್ದರು. ಮಸೂದೆ ಕೊನೆಗೂ ಕಾಯ್ದೆಯಾಗಲಿಲ್ಲ.

ಟೀಕಿಸುವುದಷ್ಟೇ ಅವರ ಕೆಲಸವಲ್ಲ. ಪರ್ಯಾಯವೂ ಅವರ ಬಳಿ ಸಿದ್ಧವಿದೆ. ಕೆನಡಾ 1967ರಲ್ಲಿ ಜಾರಿಗೆ ತಂದ, ವಯಸ್ಸು, ವಿದ್ಯೆ, ಭಾಷೆ, ಅನುಭವಗಳಿಗೆ ಅಂಕ ಕೊಟ್ಟು ವಲಸಿಗರನ್ನು ಆರಿಸುವ ಪದ್ಧತಿಯನ್ನು ಅವರು ಮೆಚ್ಚುತ್ತಾರೆ, ಮತ್ತು ಅಮೆರಿಕಕ್ಕೆ ತಕ್ಕಂತೆ ಅದನ್ನು ತಿದ್ದಿ ಒಂದು ಅಂಕಪಟ್ಟಿಯನ್ನೂ ಮಾಡಿಟ್ಟಿದ್ದಾರೆ. ಅದನ್ನು ಪರಿಶೀಲಿಸಿದಾಗ ಪೂರ್ಣಾಂಕ ಸಿಗುವುದು ಸುಮಾರು ಇಪ್ಪತ್ತೆಂಟು ವರ್ಷದ, ದಾವಣಗೆರೆಯ ಕಡೆ ಎಂಜಿನಿಯರಿಂಗ್ ಓದಿದ, ಸಸ್ಯಾಹಾರಿಯಾದ, ಸಿಗರೇಟು ಮುಟ್ಟದ, ಕೋಬಾಲ್ ಬಲ್ಲ ಗಂಡಸಿಗೆ ಎಂಬುದು ಗೊತ್ತಾಗುತ್ತದೆ. ಈ ಪಟ್ಟಿಗೆ ಇದುವರೆಗೆ ಬಂದಿರುವ ಏಕೈಕ ಆಕ್ಷೇಪ ಅಡುಗೆಮನೆಯ ಕಡೆಯಿಂದ ಬಂದದ್ದು. ಎಚ್-1ಬಿ ನೌಕರನ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿ ದುಡಿಯುವ ಅವಕಾಶ 2015ರವರೆಗೆ ಇರಲಿಲ್ಲವಾದ್ದರಿಂದ, ಬ್ಯಾಂಕಿನ ನೌಕರಿ ಬಿಟ್ಟು ಬಂದು ವರ್ಷಗಟ್ಟಲೆ ಮನೆಯಲ್ಲಿ ಕುಳಿತ ಅವರ ಪತ್ನಿ, “ರೀ, ನನ್ನನ್ನ ಯಾವ ಅಂಕದ ಮೇಲೆ ಒಳಗೆ ಬಿಟ್ಟಿದ್ರು?” ಎಂದು ಕೇಳಿದಾಗ, ಚರ್ಚೆ ಬೇಗನೆ ಹವಾಮಾನದ ಕಡೆಗೆ ತಿರುಗಿತೆಂದು ತಿಳಿದುಬರುತ್ತದೆ.

ಮುಂದಿನ ಕಲಮು ‘ಸರಪಳಿ ವಲಸೆ’ಯನ್ನು ಕುರಿತದ್ದು. ಪೌರನಾದವನು ತಂದೆತಾಯಿಗಳನ್ನು ಸಂಖ್ಯಾಮಿತಿಯಿಲ್ಲದೆಯೂ ಒಡಹುಟ್ಟಿದವರನ್ನು ಬಹಳ ಉದ್ದವಾದ ಸರದಿಯಲ್ಲಿಯೂ ಕರೆಸಿಕೊಳ್ಳಬಹುದಾದ್ದರಿಂದ ಒಬ್ಬರ ಹಿಂದೆ ಒಬ್ಬರು ಬರುವ ಕ್ರಮವನ್ನು ವಿರೋಧಿಗಳು ಹೀಗೆ ಕರೆಯುತ್ತಾರೆ. ಕೊನೆಯ ಅರ್ಹರು ಇದನ್ನು ತತ್ತ್ವಶಃ ವಿರೋಧಿಸುತ್ತಾರೆ. ತಂಗಿಯ ಹೆಸರಿನಲ್ಲಿ ಅವರು ಹಿಂದೆಯೇ ಅರ್ಜಿ ಹಾಕಿರುವುದನ್ನು ಯಾರಾದರೂ ನೆನಪಿಸಿದರೆ, ತಂಗಿ ಸರಪಳಿಯಲ್ಲ, ತಂಗಿ ಎಂದು ಸ್ಪಷ್ಟಪಡಿಸುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕ ವಿಧಿಸಿದಾಗ ಜೊಳ್ಳು ಹಾರಿಹೋಗಿ ಕಾಳು ಉಳಿಯುತ್ತದೆಂದು ಅವರು ಸ್ವಾಗತಿಸಿದರು; ಮೈಸೂರಿನಿಂದ ಅಕ್ಕನ ಫೋನು ಬಂದು, ಮಗನಿಗೆ ಆಗಬೇಕಿದ್ದ ಕೆಲಸ ಇದರಿಂದಲೇ ತಪ್ಪಿತು ಎಂದಾಗ, ಶುಲ್ಕ ಒಳ್ಳೆಯದೇ ಆದರೂ ಅನುಷ್ಠಾನದಲ್ಲಿ ವಿವೇಚನೆ ಇರಬೇಕಿತ್ತು ಎಂಬ ತಿದ್ದುಪಡಿ ಸೇರಿತು.

ಚರಿತ್ರೆಯ ವಿಷಯದಲ್ಲಿ ಅವರ ಜ್ಞಾನ ತಮ್ಮ ಪ್ರಯಾರಿಟಿ ಡೇಟಿನಿಂದ ಆರಂಭವಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಗೆ, ಆತ ಕಾನೂನಿನ ಅರ್ಥದಲ್ಲಿ ಬಿಳಿಯನಲ್ಲವೆಂಬ ಕಾರಣಕ್ಕೆ ಪೌರತ್ವ ಸಲ್ಲದೆಂದು ಸುಪ್ರೀಂ ಕೋರ್ಟು 1923ರಲ್ಲಿ ತೀರ್ಪಿತ್ತಿತು. 1946ರ ಕಾಯ್ದೆ ಭಾರತೀಯರಿಗೆ ಪೌರತ್ವದ ಹಕ್ಕನ್ನೂ ವರ್ಷಕ್ಕೆ 100 ಜನರ ಪಾಲನ್ನೂ ಕೊಟ್ಟಿತು. ಕಪ್ಪುಜನರ ನಾಗರಿಕ ಹಕ್ಕುಗಳ ಚಳವಳಿ ಬದಲಾಯಿಸಿದ ವಾತಾವರಣದಲ್ಲಿ ಬಂದ 1965ರ ಕಾಯ್ದೆ, ಜನಾಂಗ ನೋಡಿ ಪಾಲು ಹಂಚುವ ಹಳೆಯ ಕ್ರಮವನ್ನು ರದ್ದುಮಾಡಿ ಏಷ್ಯಾದವರಿಗೆ ಬಾಗಿಲು ತೆರೆಯಿತು. ಆ ನೂರು ಜನರಲ್ಲಿ ಒಬ್ಬರು, ನೂರೊಂದನೆಯವನ ಗುಣಮಟ್ಟದ ಬಗ್ಗೆ ಸಂದೇಹ ವ್ಯಕ್ತಪಡಿಸಿ ಸರ್ಕಾರವನ್ನು ಒಪ್ಪಿಸಿದ್ದರೆ, ಕೊನೆಯ ಅರ್ಹರು ಇಂದು ದಾವಣಗೆರೆಯಲ್ಲಿ ಲೋಕೋಪಯೋಗಿ ಇಲಾಖೆಯ ಸೇತುವೆಗಳನ್ನು ನೋಡಿಕೊಳ್ಳುತ್ತಿರುತ್ತಿದ್ದರು.

ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದಾಗ ಅವರ ಚಿಂತನೆ ವಿಶ್ರಮಿಸುವುದಿಲ್ಲ. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇಕಡ 50ನ್ನೂ ಇತರ ಹುದ್ದೆಗಳಲ್ಲಿ ಶೇಕಡ 70ನ್ನೂ ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಕರ್ನಾಟಕದ ಸಚಿವ ಸಂಪುಟ 2024ರ ಜುಲೈನಲ್ಲಿ ಒಪ್ಪಿಗೆ ಕೊಟ್ಟು, ಉದ್ಯಮಗಳ ವಿರೋಧ ಎದ್ದೊಡನೆ ತಡೆಹಿಡಿದದ್ದನ್ನು ಅವರು ಹೇಡಿತನವೆನ್ನುತ್ತಾರೆ. ಹೊರಗಿನವರಿಂದ ಊರು ಕೆಟ್ಟಿತೆಂದು ಜಯನಗರದ ಹೋಟೆಲಿನಲ್ಲಿ ಖಾಲಿ ದೋಸೆ ತಿನ್ನುತ್ತ ಮರುಗುತ್ತಾರೆ. ವೈಟ್‌ಫೀಲ್ಡಿನ ತಮ್ಮ ಎರಡು ಫ್ಲ್ಯಾಟುಗಳಿಗೆ ಅದೇ ಹೊರಗಿನವರು ತಿಂಗಳ ಮೊದಲ ತಾರೀಖಿಗೇ ಬಾಡಿಗೆ ಹಾಕುವುದನ್ನು ಮಾತ್ರ ಶಿಸ್ತಿನ ಲಕ್ಷಣವೆಂದು ಮೆಚ್ಚುತ್ತಾರೆ.

ಇವರು ಹತ್ತಿದ ಏಣಿಯನ್ನೇ ಒದೆಯುವವರೆಂದು ಹಂಗಿಸುವವರಿದ್ದಾರೆ, ಅದು ಸರಿಯಲ್ಲ. ಅವರು ಏಣಿಯನ್ನು ಒದೆಯುವುದಿಲ್ಲ, ಅದರ ಮೆಟ್ಟಿಲುಗಳ ತಪಾಸಣೆ ಮುಗಿಯುವವರೆಗೆ ಯಾರೂ ಹತ್ತಬಾರದು ಎನ್ನುತ್ತಾರೆ. ಅವರ ಸ್ವಭಾವದಲ್ಲಿ ದುಷ್ಟತನವೂ ಇಲ್ಲ, ಏಕೆಂದರೆ ಲಾಟರಿ ಸೋತ ಅದೇ ಯುವಕನಿಗೆ ರಾತ್ರಿ ಹನ್ನೊಂದಕ್ಕೆ ವಕೀಲರ ನಂಬರು ಕೊಟ್ಟು, ಉಳಿದ ಬಿಸಿಬೇಳೆಬಾತನ್ನು ಡಬ್ಬಿಗೆ ಹಾಕಿ ಕಳಿಸುವವರೂ ಅವರೇ. ದೋಷದ ಬಹುಭಾಗ ಲೆಕ್ಕದಲ್ಲಿದೆ: ಗ್ರೀನ್ ಕಾರ್ಡುಗಳ ಒಟ್ಟು ಸಂಖ್ಯೆಯನ್ನು ಮೂರು ದಶಕಗಳಿಂದ ಕದಲಿಸದೆ ಇಟ್ಟಾಗ, ಹಿಂದೆ ನಿಂತವನು ಕೇವಲ ಇನ್ನೊಬ್ಬ ಮನುಷ್ಯನಾಗಿ ಉಳಿಯದೆ ತಮ್ಮವರ ಪಾಲಿಗೆ ಬರುವ ಪ್ರತಿಸ್ಪರ್ಧಿಯಾಗುತ್ತಾನೆ, ಮತ್ತು ಸರದಿಯಲ್ಲಿ ತಾನು ನಿಂತ ಜಾಗವನ್ನೇ ದೇಶದ ಹಿತವೆಂದು ತಿಳಿಯುವುದು ಬಹಳ ಸುಲಭವಾಗುತ್ತದೆ. ನೀತಿಯನ್ನು ಚರ್ಚಿಸುವ ಪ್ರತಿಯೊಬ್ಬರೂ ತಾವು ಸೂಚಿಸುವ ನಿಯಮ ತಾವು ಬಂದ ವರ್ಷವೇ ಜಾರಿಯಲ್ಲಿದ್ದರೆ ತಮ್ಮ ಗತಿ ಏನಾಗುತ್ತಿತ್ತು ಎಂದು ಮೊದಲು ಲೆಕ್ಕ ಹಾಕಿ ಹೇಳಬೇಕೆಂಬ ಕಟ್ಟಳೆ ಮಾಡಿದರೆ ವಾದಗಳ ಗುಣಮಟ್ಟ ಸುಧಾರಿಸೀತು, ಸಂಖ್ಯೆಯಂತೂ ಖಂಡಿತ ಇಳಿದೀತು.

ಅಲ್ಲಿಯವರೆಗೆ ಈ ಪ್ರಭೇದಕ್ಕೆ ಅಳಿವಿನ ಭಯವಿಲ್ಲ. ವೀಸಾ ಬುಲೆಟಿನ್ನಿನ ದಿನಾಂಕ ಒಂದೆರಡು ವಾರ ಮುಂದೆ ಸರಿದ ತಿಂಗಳಲ್ಲೆಲ್ಲ ಒಂದಿಷ್ಟು ಜನರಿಗೆ ಕಾರ್ಡು ಬರುತ್ತದೆ. ಅವರು ಊರಿಗೆ ಫೋನು ಮಾಡುತ್ತಾರೆ, ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡು ಸಪಾದ ಹಂಚುತ್ತಾರೆ, ಮತ್ತು ಪ್ರಸಾದ ತಿಂದು ಕೈ ತೊಳೆದ ಮೇಲೆ, ಇತ್ತೀಚೆಗೆ ಬರುತ್ತಿರುವವರ ಮಟ್ಟ ಇಳಿಯುತ್ತಿದೆಯಲ್ಲವೇ ಎಂದು ಪಕ್ಕದಲ್ಲಿದ್ದವರನ್ನು ಕೇಳುತ್ತಾರೆ.