ಜೋಗದ ರೆಸಲ್ಯೂಶನ್: ಶರಾವತಿ ಕಣಿವೆಯ ವರ್ಚುವಲ್ ಮಷೀನ್ ಕುರಿತು ಒಂದು ಸಿದ್ಧಾಂತ

ವರ್ಚುವಲ್ ಮಷೀನ್ ಎಲ್ಲಿ ಹುಟ್ಟಿತು ಎಂದು ಕೇಳಿದರೆ ಪಶ್ಚಿಮದ ಪಂಡಿತರು ಎಳ್ಳಷ್ಟೂ ಅನುಮಾನವಿಲ್ಲದೆ 1960ರ ದಶಕದ ಐಬಿಎಂ ಕಂಪನಿಯ ಹೆಸರು ಹೇಳುತ್ತಾರೆ. 1972ರಲ್ಲಿ ಆ ಕಂಪನಿಯ ವಿಎಂ/370 ಹೊರಬಂತು. 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಇಬ್ಬರು ಆಚಾರ್ಯರು ಅದಕ್ಕೊಂದು ಲಕ್ಷಣಗ್ರಂಥವನ್ನೂ ಬರೆದರು. ಇವರು ತಾಳಗುಪ್ಪದ ರೈಲು ಹತ್ತಿ ಬಂದು ಶರಾವತಿಯನ್ನು ಅಧ್ಯಯನ ಮಾಡಿದ ಗುರುತು ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ನಮ್ಮ ಪ್ರತಿಜ್ಞೆ ಇಷ್ಟು: ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರ ತಾಲ್ಲೂಕಿನ ಅಂಚಿನಲ್ಲಿ ಜೋಗವಾಗಿ ಬೀಳುವ ಶರಾವತಿಯು ಇಪ್ಪತ್ತನೆಯ ಶತಮಾನದ ನಡುವೆ ಒಂದು ಸಂಪೂರ್ಣ ವರ್ಚುವಲ್ ಮಷೀನ್ ಆಗಿ ಪರಿವರ್ತನೆಗೊಂಡಿದೆ. ತೀರ್ಥಹಳ್ಳಿ ಅದರ ಇನ್‌ಪುಟ್, ಹೊಸನಗರ ಮೆಮೊರಿ, ಸಾಗರ ಡಿಸ್ಪ್ಲೇ. ಮೂರು ತಾಲ್ಲೂಕುಗಳಲ್ಲಿ ಪ್ರೊಸೆಸರ್ ಯಾವುದು ಎಂಬ ಪ್ರಶ್ನೆಯನ್ನು ಬೇಕೆಂದೇ ಬಿಟ್ಟಿದ್ದೇವೆ. ಆ ಕುರಿತು ಮೂರೂ ಕಡೆಯ ವಿದ್ವಾಂಸರು ಒಮ್ಮತಕ್ಕೆ ಬರುವ ಲಕ್ಷಣವಿಲ್ಲ.

ಮೊದಲು ಲಕ್ಷಣ. ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಬಲದಿಂದ ಇನ್ನೊಂದು ಕಂಪ್ಯೂಟರನ್ನು ನಡೆಸುವುದೇ ವರ್ಚುವಲ್ ಮಷೀನ್. ಹೊರಗಿನದು ಹೋಸ್ಟ್, ಒಳಗಿನದು ಗೆಸ್ಟ್. ಗೆಸ್ಟ್‌ಗೆ ತಾನು ಸ್ವತಂತ್ರ ಯಂತ್ರವೆಂಬ ದೃಢವಾದ ನಂಬಿಕೆ ಇರುತ್ತದೆ. ಆದರೆ ಅದಕ್ಕೆ ಕಾಣುವ ಗ್ರಾಫಿಕ್ಸ್ ಕಾರ್ಡ್ ನಿಜವಾದದ್ದಲ್ಲ, ಹೋಸ್ಟ್ ತೋರಿಸಿದ ವೇಷ. ಹೊಸದಾಗಿ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಹಾಕಿಕೊಂಡವರೆಲ್ಲರೂ ತೆಗೆಯುವ ಮೊದಲ ತಕರಾರು, ಒಳಗಿನ ಪರದೆ 800×600ಕ್ಕೋ 1024×768ಕ್ಕೋ ಅಂಟಿಕೊಂಡು ದೊಡ್ಡದಾಗುವುದೇ ಇಲ್ಲ ಎಂಬುದು. ಕಾರಣ ಸರಳ ಗುಣಾಕಾರ. ಒಂದು ಚುಕ್ಕಿಗೆ 4 ಬೈಟ್ ಎಂದಿಟ್ಟುಕೊಂಡರೆ 1024×768ಕ್ಕೆ 31,45,728 ಬೈಟ್ ಸಾಕು. 1920×1080ಕ್ಕೆ 82,94,400 ಬೇಕು. 3840×2160ಕ್ಕೆ 3,31,77,600 ಬೇಕು. ಗೆಸ್ಟ್‌ಗೆ ಕೊಟ್ಟ ವಿಡಿಯೊ ಮೆಮೊರಿ 16 ಎಂಬಿ, ಅಂದರೆ 1,67,77,216 ಬೈಟ್ ಆಗಿದ್ದರೆ ಕೊನೆಯದು ಅದರಲ್ಲಿ ಹಿಡಿಯುವುದಿಲ್ಲ. ಹೋಸ್ಟ್ ಯಂತ್ರದ ಕಾರ್ಡಿನಲ್ಲಿ 8 ಜಿಬಿ ಇದ್ದರೂ ಅಷ್ಟೆ. ಕೊಟ್ಟದ್ದೆಷ್ಟೋ ಅಷ್ಟಕ್ಕೇ ಗೆಸ್ಟ್‌ನ ಹಕ್ಕು. ಯಜಮಾನನ ಕಣಜ ತುಂಬಿದೆ ಎಂಬುದು ಕೆಳಗಿನವನ ಊಟಕ್ಕೆ ಪ್ರಮಾಣವಾಗುವುದಿಲ್ಲ ಎಂಬ ಈ ಸೂತ್ರವೇ ಮುಂದಿನ ಸಮಸ್ತ ವಾದಕ್ಕೂ ಬುನಾದಿ.

ಈಗ ಪ್ರತ್ಯಕ್ಷ ಪ್ರಮಾಣ. ಜೋಗದ ಪರದೆಯ ಎತ್ತರ 830 ಅಡಿ. ಅಡ್ಡಕ್ಕೆ ರಾಜ, ರೋರರ್, ರಾಕೆಟ್, ರಾಣಿ ಎಂದು ನಾಲ್ಕೇ ಕಂಬ. ಹೀಗಾಗಿ ಅದರ ಗರಿಷ್ಠ ರೆಸಲ್ಯೂಶನ್ನನ್ನು 4×830 ಎಂದು ನಿಗದಿಪಡಿಸಬಹುದು. ಬೇಸಿಗೆಯಲ್ಲಿ ಇದು 2×830ಕ್ಕೆ, ಕೆಲವು ವರ್ಷ ಕಪ್ಪು ಬಂಡೆ ಮಾತ್ರ ಉಳಿದು 0×830ಕ್ಕೂ ಇಳಿಯುತ್ತದೆ. ದೂರದೂರಿನಿಂದ ಬಂದವರು ಆಗ ಜೋಗವನ್ನು ಬಯ್ಯುತ್ತಾರೆ. ಪರದೆಯನ್ನು ಬಯ್ಯುವುದು ಅಶಾಸ್ತ್ರೀಯ. ಅದೇ ಹೊತ್ತಿಗೆ ಮೇಲ್ಗಡೆ ಲಿಂಗನಮಕ್ಕಿಯಲ್ಲಿ ನೀರು ನಿಂತೇ ಇರುತ್ತದೆ. 1964ರಲ್ಲಿ ಕಟ್ಟಿ ಮುಗಿಸಿದ ಆ ಜಲಾಶಯದ ಸಾಮರ್ಥ್ಯ ಸುಮಾರು 151 ಟಿಎಂಸಿ, ಪೂರ್ಣ ಮಟ್ಟ 1819 ಅಡಿ. ಆದರೆ ನೀರು ಹೊಳೆಯ ದಾರಿ ಬಿಟ್ಟು ಕಾಲುವೆಯಲ್ಲಿ ತಲಕಳಲೆಗೆ ಹೋಗಿ, ಅಲ್ಲಿಂದ ಕೊಳವೆಗಳಲ್ಲಿ ಇಳಿದು, 103.5 ಮೆಗಾವ್ಯಾಟ್‌ನ ಹತ್ತು ಯಂತ್ರಗಳನ್ನು ತಿರುಗಿಸಿ 1035 ಮೆಗಾವ್ಯಾಟ್ ಕೊಡುತ್ತದೆ. ಜೋಗದ ಮುಖ ಅದು ನೋಡುವುದೇ ಇಲ್ಲ. ಹೋಸ್ಟ್ ಶ್ರೀಮಂತ, ಗೆಸ್ಟ್ ಬಡವ. ವರ್ಚುವಲ್‌ಬಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ ವಿಡಿಯೊ ಮೆಮೊರಿಯ ಗುಂಡಿಯನ್ನು ಎಷ್ಟೇ ಎಳೆದರೂ 128 ಎಂಬಿಗೆ ನಿಲ್ಲುವಂತೆ ಇಲ್ಲಿಯ ಗುಂಡಿ 1819ಕ್ಕೆ ನಿಲ್ಲುತ್ತದೆ. ಆ ಅಂಕಿ ಹತ್ತಿರವಾದಾಗ ಮಾತ್ರ ಗೇಟು ತೆರೆಯುವ ಮಾತು. ಆಗ ಕೆಳದಂಡೆಯವರಿಗೆ ಎಚ್ಚರಿಕೆ ಹೋಗುತ್ತದೆ, ಪ್ರವಾಸಿಗರಿಗೆ ಸಂತೋಷದ ಸುದ್ದಿ ಹೋಗುತ್ತದೆ. ಒಂದೇ ಪ್ರಕಟಣೆ ಎರಡು ಅರ್ಥ ಕೊಡುವ ಇಂಥ ಶ್ಲೇಷೆ ನಮ್ಮ ಚಂಪೂಕವಿಗಳಿಗೂ ಸುಲಭಕ್ಕೆ ಒಲಿದಿದ್ದಲ್ಲ.

ಇದೆಲ್ಲ ಬರೀ ಹೋಲಿಕೆ, ಹುಟ್ಟಿನ ಪ್ರಶ್ನೆಗೆ ಉತ್ತರವಲ್ಲ ಎನ್ನುವವರಿಗಾಗಿ ನಮ್ಮ ಬತ್ತಳಿಕೆಯಲ್ಲಿ ಹಿರೇಭಾಸ್ಕರ ಇದೆ. ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಲ್ಲಿ ಆರಂಭವಾದಾಗ ಅದಕ್ಕೆ ನೀರುಣಿಸಲೆಂದು ಮಡೆನೂರಿನ ಬಳಿ ಕಟ್ಟಿದ ಅಣೆಕಟ್ಟು ಇದು. ಹದಿನಾರು ವರ್ಷ ಕಳೆಯುವಷ್ಟರಲ್ಲಿ ಲಿಂಗನಮಕ್ಕಿ ಬಂದು ಅದನ್ನು ಇಡಿಯಾಗಿ ನುಂಗಿತು. ಅಣೆಕಟ್ಟಿನೊಳಗೆ ಅಣೆಕಟ್ಟು! ಯಂತ್ರದೊಳಗೆ ಯಂತ್ರ ನಡೆಸುವ ವಿದ್ಯೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆನ್ನುವವರು ನಿದ್ದೆ ಮಾಡುವಂತೆ ನಟಿಸುವವರು. ಇನ್ನೂ ಸೂಕ್ಷ್ಮವಾದದ್ದು ಅದರ ಸೈಫನ್. ಗಣೇಶ ಅಯ್ಯರ್ ಎಂಬ ಎಂಜಿನಿಯರ್ ರೂಪಿಸಿದ ವಾಲ್ಯೂಟ್ ಸೈಫನ್‌ಗಳನ್ನು ಇಲ್ಲಿ ಅಳವಡಿಸಿದ್ದರು. ಗೇಟಿಲ್ಲ, ಗೇಟು ಎತ್ತುವ ಆಳೂ ಇಲ್ಲ. ನೀರು ಮಿತಿ ದಾಟಿದೊಡನೆ ಸುರುಳಿಯಾಗಿ ಒಳನುಗ್ಗಿ, ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗಿ, ಆ ನಿರ್ವಾತದ ಬಲದಿಂದ ಕೊಳವೆ ತುಂಬ ಹರಿಯತೊಡಗುತ್ತದೆ. ಮಟ್ಟ ಇಳಿದು ಗಾಳಿ ಹೊಕ್ಕರೆ ತಾನೇ ನಿಲ್ಲುತ್ತದೆ. ಗೆಸ್ಟ್ ತನ್ನ ಮಿತಿ ಮೀರಿದ ಆಜ್ಞೆಯನ್ನು ಕೊಟ್ಟೊಡನೆ ತಾನೇತಾನಾಗಿ ಹಿಡಿತ ಹೋಸ್ಟ್‌ನ ಕೈಗೆ ಜಾರಬೇಕು ಎಂದು 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಸೂತ್ರ ಬರೆದರಲ್ಲ, ಅದು ಅಷ್ಟು ಹೊತ್ತಿಗೆ ಸಾಗರ ತಾಲ್ಲೂಕಿನಲ್ಲಿ ಸಿಮೆಂಟಿನಲ್ಲಿ ಕಟ್ಟಿ, ಬಳಸಿ, ಮುಳುಗಿಸಿಯೂ ಆಗಿತ್ತು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಹಿರೇಭಾಸ್ಕರ ನೀರಿನಿಂದ ಮೇಲೇಳುತ್ತದೆ, ಜನ ನೋಡಲು ಹೋಗುತ್ತಾರೆ. ಹೋಸ್ಟ್‌ಗೆ ಬರ ಬಂದಾಗ ಗೆಸ್ಟ್ ಕಾಣಿಸಿಕೊಳ್ಳುವ ಈ ವಿಲಕ್ಷಣ ಡಿಸ್ಪ್ಲೇ ವಿಧಾನವನ್ನು ಜಗತ್ತಿನ ಯಾವ ಸಾಫ್ಟ್‌ವೇರ್ ಕಂಪನಿಯೂ ಈವರೆಗೆ ಕೊಟ್ಟಿಲ್ಲ.

ಪೂರ್ವಪಕ್ಷಗಳಿಗೆ ಬರೋಣ. ಜೋಗ ಅಣೆಕಟ್ಟಿಗಿಂತ ಸಾವಿರಾರು ವರ್ಷ ಹಳೆಯದು, ಅದನ್ನು ವರ್ಚುವಲ್ ಎನ್ನುವುದು ಹೇಗೆ ಎಂಬುದು ಒಂದು. ಹಿಂದೆ ಅದು ನೇರವಾಗಿ ಹಾರ್ಡ್‌ವೇರ್ ಮೇಲೆ ನಡೆಯುತ್ತಿತ್ತು, ಮಳೆಯೇ ಅದರ ಆಪರೇಟಿಂಗ್ ಸಿಸ್ಟಂ ಆಗಿತ್ತು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅಂಥ ಹಳೆಯ ವ್ಯವಸ್ಥೆಯನ್ನು ಕೆಡಹದೆ ಹಾಗೇ ಎತ್ತಿ ವರ್ಚುವಲ್ ಮಷೀನಿನೊಳಗೆ ಇಟ್ಟು ನಡೆಸುವುದು ಐಟಿ ಇಲಾಖೆಗಳಲ್ಲಿ ದಿನನಿತ್ಯದ ಕೆಲಸ. ಜೋಗದ ನೀರು ಕಂಡು ವಿಶ್ವೇಶ್ವರಯ್ಯನವರು ಎಂಥ ಅಪವ್ಯಯ ಎಂದು ಉದ್ಗರಿಸಿದರೆಂಬ ಮಾತು ನಾಡಿನಲ್ಲಿ ಚಾಲ್ತಿಯಲ್ಲಿದೆ. ದಾಖಲೆ ಏನೇ ಇರಲಿ, ಸ್ಥಳಾಂತರದ ಆಜ್ಞೆ ಎಂದು ಅದನ್ನು ಓದಲು ಅಡ್ಡಿಯಿಲ್ಲ. ಎರಡನೆಯ ಪೂರ್ವಪಕ್ಷ ಹೆಚ್ಚು ತೂಕದ್ದು: ಗೆಸ್ಟ್ ಅಡಿಷನ್ಸ್ ಎಂಬ ಪೂರಕ ತಂತ್ರಾಂಶ ಹಾಕಿದರೆ ಪರದೆ ತಾನೇ ಹಿಗ್ಗುತ್ತದೆ, ಹಾಗೆಯೇ ಜೋಗಕ್ಕೂ ಮೆಟ್ಟಿಲು, ವೀಕ್ಷಣಾ ಕಟ್ಟೆ, ಬಣ್ಣದ ದೀಪ ಹಾಕಿದರೆ ಆಗದೆ? ಆಗದು. ಗೆಸ್ಟ್ ಅಡಿಷನ್ಸ್ ಕೆಲಸ ಮಾಡುವುದು ಅಂದಚೆಂದದಿಂದಲ್ಲ, ಒಳಗಿನ ಯಂತ್ರ ಹೊರಗಿನ ಯಂತ್ರದ ಜೊತೆ ಮಾತಾಡುವ ದಾರಿ ತೆರೆಯುವುದರಿಂದ. ಆ ಅರ್ಥದಲ್ಲಿ ಜೋಗಕ್ಕಿರುವ ಏಕೈಕ ಗೆಸ್ಟ್ ಅಡಿಷನ್ ಎಂದರೆ ಗಣ್ಯರು ಬರುವ ದಿನ ಅಣೆಕಟ್ಟಿನ ಕಚೇರಿಗೆ ಹೋಗುವ ಫೋನ್ ಕರೆ. ಬಿದ್ದ ನೀರನ್ನೇ ಕೆಳಗಿನಿಂದ ಮೇಲೆತ್ತಿ ವರ್ಷವಿಡೀ ಬೀಳಿಸುವ ಸರ್ವಋತು ಜಲಪಾತದ ಯೋಜನೆಯೂ ಒಮ್ಮೆ ಬಂದಿತ್ತು. ಶಾಸ್ತ್ರದಲ್ಲಿ ಅದಕ್ಕೆ ಸ್ಕ್ರೀನ್‌ಸೇವರ್ ಎನ್ನುತ್ತಾರೆ. ಇನ್ನು ಆಗಸ್ಟಿನ ಫೋಟೊವನ್ನು ಏಪ್ರಿಲ್‌ನಲ್ಲಿ ಹಂಚುವವರು ಮಾಡುತ್ತಿರುವುದು ಬರೀ ಸ್ಕೇಲಿಂಗ್: ಇದ್ದ ಚುಕ್ಕಿಯನ್ನೇ ಹಿಗ್ಗಿಸುವುದು, ಹೊಸ ಹನಿ ಒಂದೂ ಇಲ್ಲ. ಮೂರನೆಯ ಆಕ್ಷೇಪ, ನೀರು ಅತಿಯಾದಾಗಲೂ ಜೋಗ ಕಾಣುವುದಿಲ್ಲವಲ್ಲ ಎಂಬುದು. ಹೌದು, ಎಲ್ಲ ಗೇಟೂ ತೆರೆದರೆ ನಾಲ್ಕು ಕಂಬ ಒಂದಾಗಿ ಮಂಜು ಕವಿದು ಪರದೆ ಬೆಳ್ಳಗಾಗುತ್ತದೆ. ಇದು ನಮ್ಮ ಸಿದ್ಧಾಂತಕ್ಕೆ ಬಾಧಕವಲ್ಲ. ಡ್ರೈವರ್ ದೋಷವೆಂದು ಬದಿಗಿಡುತ್ತೇವೆ. ಎಲ್ಲ ಸಿದ್ಧಾಂತಿಗಳೂ ಹೀಗೇ ಮಾಡುವುದು.

ಆದರೆ ಹೋಸ್ಟ್‌ಗೆ ಇಷ್ಟೊಂದು ಮೆಮೊರಿ ಬಂದದ್ದೆಲ್ಲಿಂದ? ವರ್ಚುವಲ್ ಮಷೀನುಗಳಲ್ಲಿ ಬಲೂನಿಂಗ್ ಎಂಬೊಂದು ಉಪಾಯವಿದೆ. ಒಂದು ಗೆಸ್ಟ್‌ನ ಹೊಟ್ಟೆಯಲ್ಲಿ ಬಲೂನು ಊದಿ, ಅದರ ಮೆಮೊರಿಯನ್ನು ಹಿಂಡಿ, ಇನ್ನೊಂದಕ್ಕೆ ಕೊಡುವುದು; 2002ರಲ್ಲಿ ವಿಎಂವೇರ್‌ನವರು ಇದನ್ನು ಪ್ರಬಂಧವಾಗಿ ಬರೆದರು. ಹೊಸನಗರ ತಾಲ್ಲೂಕಿನ ಚಕ್ರಾ ಮತ್ತು ಸಾವೆಹಕ್ಲು ಜಲಾಶಯಗಳು ಇದಕ್ಕೆ ಮಾದರಿ. ಪಡುವಣ ಕಡಲ ಕಡೆಗೆ ತನ್ನ ಪಾಡಿಗೆ ಇಳಿಯುತ್ತಿದ್ದ ನೀರನ್ನು ತಡೆದು, ಕಾಲುವೆ ತೋಡಿ, ಲಿಂಗನಮಕ್ಕಿಗೆ ತಿರುಗಿಸಿದ್ದಾರೆ. ಆದರೂ ಮೆಮೊರಿಯ ಬಹುಪಾಲು ಬಂದದ್ದು ಬಲೂನಿನಿಂದಲ್ಲ, ಸ್ವಾಪ್‌ನಿಂದ. ಮೆಮೊರಿ ಸಾಲದಾದಾಗ ಅಲ್ಲಿದ್ದ ಪುಟಗಳನ್ನು ಎತ್ತಿ ಡಿಸ್ಕಿನ ಮೂಲೆಗೆ ಒಗೆಯುವುದು ಸ್ವಾಪ್. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಸಾವಿರಾರು ಕುಟುಂಬಗಳನ್ನು ಗದ್ದೆ, ತೋಟ, ದೇವರ ಬನ ಸಮೇತ ಖಾಲಿ ಮಾಡಿಸಿ ಜಿಲ್ಲೆಯ ಬೇರೆ ಬೇರೆ ಕಾಡಂಚುಗಳಿಗೆ ಹೀಗೇ ಒಗೆದರು. ಕಂಪ್ಯೂಟರಿನ ಸ್ವಾಪ್‌ಗೆ ಒಂದು ಧರ್ಮವಿದೆ: ಯಾವ ಪುಟ ಎಲ್ಲಿ ಹೋಯಿತೆಂದು ಪಟ್ಟಿ ಇಟ್ಟಿರುತ್ತದೆ, ಕರೆದರೆ ಮರಳಿ ತರುತ್ತದೆ. ಶರಾವತಿಯ ಹೋಸ್ಟ್ ಆ ಪಟ್ಟಿಯನ್ನು ಅಷ್ಟು ಜತನವಾಗಿ ಇಟ್ಟಂತಿಲ್ಲ. ಮುಳುಗಡೆ ಸಂತ್ರಸ್ತರು ತಮಗೆ ಕೊಟ್ಟ ನೆಲದ ಹಕ್ಕುಪತ್ರಕ್ಕಾಗಿ ಇವತ್ತಿಗೂ ಕಚೇರಿ ಸುತ್ತುತ್ತಿದ್ದಾರೆ, ಪಾದಯಾತ್ರೆ ಮಾಡುತ್ತಿದ್ದಾರೆ. ಈ ವಿಭಾಗದ ತಾಂತ್ರಿಕ ಕೈಪಿಡಿ ಬೇಕಾದವರು ಸಾಗರದ ನಾ. ಡಿಸೋಜ ಅವರ ‘ಮುಳುಗಡೆ’ ಮತ್ತು ‘ದ್ವೀಪ’ ಓದಬಹುದು. ‘ದ್ವೀಪ’ವನ್ನು 2002ರಲ್ಲಿ ಪರದೆಗೆ ತಂದ ಗಿರೀಶ ಕಾಸರವಳ್ಳಿ ತೀರ್ಥಹಳ್ಳಿ ಸೀಮೆಯವರು ಎಂಬುದು ನಮ್ಮ ಇನ್‌ಪುಟ್ ವಾದಕ್ಕೆ ಪೋಷಕ. ಹಿನ್ನೀರಿನಾಚೆ ಸಿಕ್ಕಿಹಾಕಿಕೊಂಡ ಸೀಮೆಗೆ ದಶಕಗಳ ಕಾಲ ಲಾಂಚೇ ಗತಿಯಾಗಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ನೆಟ್‌ವರ್ಕ್ ಸಂಪರ್ಕ ಕೊಡಲು ಅರವತ್ತು ವರ್ಷ ತೆಗೆದುಕೊಂಡ ಹೋಸ್ಟ್ ಬೇರೆಲ್ಲಾದರೂ ಇದ್ದರೆ ತಿಳಿದವರು ತಿಳಿಸಬೇಕು.

ಇಲ್ಲಿಂದ ನಮ್ಮ ಮುಖ್ಯ ಶೋಧಕ್ಕೆ ಬರುತ್ತೇವೆ. ಇದನ್ನು ರೆಸಲ್ಯೂಶನ್ನಿನ ನಿತ್ಯತ್ವ ನಿಯಮ ಎಂದು ಕರೆಯಬಹುದು: ರೆಸಲ್ಯೂಶನ್ ನಾಶವಾಗುವುದಿಲ್ಲ, ಊರು ಬಿಟ್ಟು ಊರಿಗೆ ಹೋಗುತ್ತದೆ. ಜೋಗದಲ್ಲಿ ಮಾಯವಾದ ಎರಡು ಕಂಬ ನೀರು ತಂತಿಯಲ್ಲಿ ಹರಿದು ಬೆಂಗಳೂರಿನ ಪರದೆಗಳಲ್ಲಿ ಬೆಳಗುತ್ತದೆ. ಅಲ್ಲಿ ಯಾರೋ ವರ್ಚುವಲ್ ಮಷೀನ್ ತೆರೆದು 1024×768 ಚಿಕ್ಕದಾಯಿತೆಂದು ಸಿಡುಕುವಾಗ ಆ ಸಿಡುಕಿಗೂ ಶರಾವತಿಯ ವಿದ್ಯುತ್ತೇ ಬೆಳಕು. ಇತ್ತ ಹಿನ್ನೀರಿನ ಕೆಲವು ಊರುಗಳಿಗೆ ದಶಕಗಟ್ಟಲೆ ದೀಪ ಬರಲಿಲ್ಲ, ಮೊಬೈಲ್ ಸಿಗ್ನಲ್ ಈಗಲೂ ಗುಡ್ಡ ಹತ್ತಿ ಹುಡುಕುವ ವಸ್ತು. ನಿಯಮ ಎಷ್ಟು ಕಟ್ಟುನಿಟ್ಟೆಂದರೆ ಮೂಲದ ಹತ್ತಿರ ಹೋದಷ್ಟೂ ಕತ್ತಲೆ ಹೆಚ್ಚು. ಈ ನಡುವೆ ಹೋಸ್ಟ್ ಇನ್ನೊಂದು ಹಳೆಯ ಚಟಕ್ಕೆ ಬಿದ್ದಿದೆ: ಇದ್ದ 8 ಜಿಬಿಯನ್ನೇ ಮೂರು ಗೆಸ್ಟ್‌ಗಳಿಗೆ ತಲಾ 4 ಜಿಬಿ ಎಂದು ಮಾತು ಕೊಡುವುದು. ಲಿಂಗನಮಕ್ಕಿಯ ನೀರು ಬೆಂಗಳೂರಿನ ಕೊಳಾಯಿಗೆ ಎಂಬ ಮಾತು 2019ರಲ್ಲಿ ಬಂದಾಗ ಶಿವಮೊಗ್ಗ ಜಿಲ್ಲೆ ಬಂದ್ ಮಾಡಿ ಉತ್ತರಿಸಿತು. ಈಗ ತಲಕಳಲೆ ಮತ್ತು ಗೇರುಸೊಪ್ಪದ ನಡುವೆ ಒಂದೇ ನೀರನ್ನು ಇಳಿಸಿ, ಮತ್ತೆ ಎತ್ತಿ, ಮತ್ತೆ ಇಳಿಸುವ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಮುಂದಿದೆ. ಎತ್ತಲು ಬೇಕಾಗುವ ವಿದ್ಯುತ್ತು ಇಳಿಸಿದಾಗ ಸಿಗುವುದಕ್ಕಿಂತ ಹೆಚ್ಚು ಎಂಬುದನ್ನು ಯೋಜನೆಯವರೂ ಅಲ್ಲಗಳೆಯುವುದಿಲ್ಲ. ಹೊತ್ತಲ್ಲದ ಹೊತ್ತಿನ ವಿದ್ಯುತ್ತನ್ನು ಕೂಡಿಟ್ಟು ಬೇಕಾದ ಹೊತ್ತಿಗೆ ಕೊಡುತ್ತೇವೆ ಎಂಬುದು ಅವರ ಸಮಾಧಾನ. ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆ ಕೂಡಿಡುವ ಪೆಟ್ಟಿಗೆಗೆ ಮತ್ತೆ ಸಿಂಗಳೀಕದ ಕಾಡೇ ಆಗಬೇಕೆ ಎಂದಷ್ಟೇ ಕೇಳುತ್ತೇವೆ. ಸಿಂಗಳೀಕಗಳಿಗೆ ಪೂರ್ವಪಕ್ಷ ಮಂಡಿಸುವ ಪದ್ಧತಿ ಇಲ್ಲದ್ದರಿಂದ ಅವುಗಳ ಪರವಾಗಿ ಈ ಪ್ರಶ್ನೆಯನ್ನು ದಾಖಲಿಸಿದ್ದೇವೆ.

ಸಿದ್ಧಾಂತ ಒಪ್ಪದವರಿಗೂ ಅದರಿಂದ ಒಂದು ಉಪಯೋಗವಿದೆ. ಜೋಗಕ್ಕೆ ಹೊರಡುವ ಮುನ್ನ ಕ್ಯಾಮೆರಾದ ಮೆಗಾಪಿಕ್ಸೆಲ್ ನೋಡಬೇಡಿ. ಪತ್ರಿಕೆಯಲ್ಲಿ ಬರುವ ಲಿಂಗನಮಕ್ಕಿಯ ಮಟ್ಟ ನೋಡಿ. 1819ಕ್ಕೆ ತೀರ ಕೆಳಗಿದ್ದು ಮಳೆಯೂ ಹಿಡಿಯದಿದ್ದರೆ ಬಸ್ಸಿನ ದುಡ್ಡು ಉಳಿಸಿಕೊಳ್ಳಿ. ಹೇಗೂ ಬಂದೇಬಿಟ್ಟಿರಾದರೆ ಸಾಗರದಿಂದ ಹಿನ್ನೀರಿನ ಕಡೆಗೂ ಒಮ್ಮೆ ಹೋಗಿ, ಅಲ್ಲಿಯವರ ಹಕ್ಕುಪತ್ರದ ಅರ್ಜಿ ಎಲ್ಲಿಗೆ ಬಂತೆಂದು ವಿಚಾರಿಸಿ.